ಚರ್ಮದಂಗಿ

ಬೆಳಗಿನ ಜಾವ ಮೂರೂಕಾಲು.
ಅರಾಲಾರ್ ಬೆಟ್ಟದ ಬುಡದ ಕುರಿದೊಡ್ಡಿ,
ಜನವರಿಯ ಮಂಜು ಬಾಗಿಲ ಸಂದಿಯಲ್ಲಿ ಮೂಗು ತೂರಿಸಿದೆ.
ಎರಾಮುನ್ ಮಾವ ಮಂಡಿಯೂರಿ
ಹುಟ್ಟುತ್ತಲೇ ಸತ್ತ ಮರಿಯ ಚರ್ಮ ಸುಲಿಯುತ್ತಿದ್ದಾನೆ,
ಮಲಗಿದ ಮಗುವಿನ ಅಂಗಿ ಬಿಚ್ಚುವಷ್ಟು ಮೆತ್ತಗೆ:
ಕೊರಳಿಗೊಂದು ತೂತು, ಕಾಲಿಗೊಂದೊಂದು ತೂತು.
ನನ್ನ ಒಂದು ಕೈಯಲ್ಲಿ ಟಾರ್ಚು
ಇನ್ನೊಂದರಲ್ಲಿ ಗಡಿಯಾರ.

ಈದು ನಲವತ್ತು ನಿಮಿಷ. ಮಾಸು ಬಿದ್ದಿದೆ.
ಕರಿಮೂತಿಯ ಕುರಿ ಬರೀ ಹುಲ್ಲು ನೆಕ್ಕುತ್ತಿದೆ
ಅಲ್ಲಿದ್ದದ್ದು ಇನ್ನೂ ಅಲ್ಲೇ ಇದೆಯೆಂಬಂತೆ.
"ಎರಡು ತಾಸು," ಅನ್ನುತ್ತಾನೆ ಮಾವ,
"ಆಮೇಲೆ ಇವಳು ಅಗುಳಿ ಹಾಕಿಕೊಂಡುಬಿಡ್ತಾಳೆ."
ಇಷ್ಟೇ ಮಾತು ಹೇಳುವುದಕ್ಕೆ
ದೊನೋಸ್ತಿಯಾದ ನಮ್ಮ ಲ್ಯಾಬಿಗೆ
ಆರು ವರ್ಷ ಹಿಡಿಯಿತು, ಎರಡು ಫ್ರೀಜರು ತುಂಬಿದವು.

ಬಿಡಿಸಿ ಹೇಳಿದೆ ಮಾವನಿಗೆ, ಗೊತ್ತಿದ್ದಷ್ಟು:
ನಿನ್ನ ಅಜ್ಜಿ ಕದಿರಿಗೆ ಸುತ್ತುತ್ತಿದ್ದಳಲ್ಲ ನೂಲು,
ಹಾಗೇ ಬಿಗಿಯಾಗಿ ಸುತ್ತಿಟ್ಟಿದೆ
ಪ್ರತಿ ಜೀವಕೋಶದೊಳಗೂ ಒಂದು ಎಳೆ.
ಬರೆದದ್ದೆಲ್ಲ ಅದರಲ್ಲೇ. ಓದಬೇಕಾದರೆ ಸಡಿಲಿಸಬೇಕು,
ಪೂರ್ತಿಯಲ್ಲ, ಇಲ್ಲೊಂದು ಗೇಣು, ಅಲ್ಲೊಂದು ಬೆರಳು.
ಹೆರುವ ನೋವೇ ಆ ಸಡಿಲಿಸುವ ಕೈ.
ಮೂಗಿನ ಹಿಂದೆ, ಮಿದುಳಿನ ಹೊಸ್ತಿಲಲ್ಲಿ,
ಮಲಗಿದ್ದ ಜೀನುಗಳು ಒಂದನ್ನೊಂದು ಎಬ್ಬಿಸುತ್ತವೆ.
ಹೊಸ ಪ್ರೋಟೀನು ಹುಟ್ಟಿ, ನರಕ್ಕೆ ನರ ಗಂಟು ಬಿದ್ದು,
ಈ ವಾಸನೆ, ಇದೊಂದೇ ವಾಸನೆ ನನ್ನದು
ಎಂದು ದಾಖಲಾಗಿ
ಮತ್ತೆ ಸುತ್ತಿಕೊಳ್ಳುತ್ತದೆ ನೂಲು.
ಆಮೇಲೆ ಬಂದ ಮರಿಗೆಲ್ಲ ತಲೆಯ ಗುದ್ದು.

ಮಾವ ಮುಖ ಎತ್ತಲಿಲ್ಲ.
"ನೂಲು ಸುತ್ತುತ್ತಿದ್ದದ್ದು ಅಜ್ಜಿಯಲ್ಲ, ಅಜ್ಜ.
ಟಾರ್ಚು ಈಕಡೆ ಹಿಡಿ."

ಆಚೆ ಮೂಲೆಯಿಂದ ತಬ್ಬಲಿಯೊಂದನ್ನು ತಂದ.
ಅದರ ಮೇಲೆ ಸತ್ತ ಮರಿಯನ್ನು ತೊಡಿಸಿದ.
ತೋಳು ಉದ್ದ, ಬೆನ್ನು ಗಿಡ್ಡ, ಬಾಲಕ್ಕೆ ಎರಡು ಬಾಲ.
ಕುರಿ ಮೂಸಿತು. ಮತ್ತೆ ಮೂಸಿತು.
ಗಂಟಲೊಳಗೇ ಒಂದು ಗುರುಗುರು,
ಮೊನ್ನೆಯವರೆಗೂ ಅದಕ್ಕೆ ಗೊತ್ತಿರದಿದ್ದ ಸದ್ದು.
ತಬ್ಬಲಿ ಕೆಚ್ಚಲಿಗೆ ಬಾಯಿಟ್ಟಿತು. ಗಿಣ್ಣುಹಾಲು.
ನಾನು ಸಮಯ ಬರೆದುಕೊಂಡೆ.

ನಾಲ್ಕನೇ ವಯಸ್ಸಿಗೆ ಬಿಲ್ಬಾವೊದ ಅನಾಥಾಲಯದಿಂದ
ನನ್ನನ್ನು ಈ ಊರಿಗೆ ತಂದವಳು ಜೊಸೆಪಾ, ಮಾವನ ಅಕ್ಕ.
ಬಂದ ದಿನವೇ ತೊಡಿಸಿದಳು ಒಂದು ಹಸಿರು ಸ್ವೆಟರು.
ಕಾಲರಿನ ಒಳಗೆ, ಕೆಂಪು ದಾರದಲ್ಲಿ: ನಾಹಿಯಾ.
ನನ್ನ ಹೆಸರು ಗರಾಸಿ.
ಯಾರೂ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.
ನಿದ್ದೆ ಬಂತೆಂದುಕೊಂಡು ರಾತ್ರಿ ನನ್ನ ನೆತ್ತಿ ಮೂಸುತ್ತಿದ್ದಳು
ಸ್ವೆಟರಿನ ಕತ್ತಿನಿಂದ ಶುರುಮಾಡಿ, ಮೇಲಕ್ಕೆ,
ಎರಡರ ನಡುವೆ ಎಲ್ಲಿ ಗೆರೆ ಎಂದು ಹುಡುಕುವಂತೆ.

ಮೂರನೆಯ ದಿನ ಮಾವ ಚರ್ಮ ಕಳಚಿದ.
ಹಸಿಯಾಗಿ, ಬೆಳ್ಳಗೆ, ನಾಚಿಕೊಂಡು ನಿಂತಿತು ಮರಿ.
ಕುರಿ ತಲೆ ತಗ್ಗಿಸಿತು. ಗುದ್ದುವುದಕ್ಕೋ, ಮೂಸುವುದಕ್ಕೋ
ಎರಡಕ್ಕೂ ತಲೆ ತಗ್ಗಿಸುವುದು ಒಂದೇ ಥರ.
ಹನ್ನೊಂದು ಸೆಕೆಂಡು.
ಆಮೇಲೆ ಪಕ್ಕಕ್ಕೆ ಸರಿದು ಕಾಲು ಅಗಲಿಸಿತು.

ಸ್ವೆಟರು ಗಿಡ್ಡವಾದ ವರ್ಷ ನನಗೆ ಆರು.
ಮೊಣಕೈ ಹರಿದು ಬಣ್ಣವೂ ಮಾಸಿತ್ತು.
ಒಂದು ಭಾನುವಾರ ಜೊಸೆಪಾ ಕಿಟಕಿಯ ಬಳಿ ಕೂತು
ಅದನ್ನು ಎಳೆ ಎಳೆಯಾಗಿ ಬಿಚ್ಚಿದಳು.
ಕೆಂಪು ದಾರ ಮಾತ್ರ ಕತ್ತರಿಸಿ ಜೇಬಿಗೆ ಹಾಕಿಕೊಂಡಳು.
ನಾನು ಒಳಂಗಿಯಲ್ಲಿ ಎದುರು ನಿಂತಿದ್ದೆ, ಚಳಿ.
ಅವಳು ನನ್ನನ್ನು ನೋಡಿದಳು.
ಎಷ್ಟು ಹೊತ್ತೋ.
ಆ ಮನೆಯ ಗಡಿಯಾರ ಯಾವತ್ತೂ ನಿಂತೇ ಇರುತ್ತಿತ್ತು.